ಮಳೆ ತಪ್ಪಿದರೆ ಹೊಣೆ ಯಾರದು?

(ಗಿರಣಿ ಕೆಲಸಗಾರರ ಮತ್ತು ಅಂಗಡಿಕಾರರ ಸಭೆಯಲ್ಲಿ ಮಾಡಿದ ಭಾಷಣ)



ಗಿರಣಿಯಲ್ಲಿ ದುಡಿಯುವವರಿಗೂ ಪೇಟೆಯಲ್ಲಿ ಅಂಗಡಿ ಇಟ್ಟವರಿಗೂ ಬೆಳೆವಿಮೆಯ ಮಾತು ಏತಕ್ಕೆ ಎಂದು ನೀವು ಕೇಳಬಹುದು. 2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕು ಬರಪೀಡಿತವೆಂದು ಸರಕಾರವೇ ಸಾರಿತು. ಅಂಥ ವರ್ಷ ರೈತನ ಉದ್ರಿ ಅಂಗಡಿಯ ಖಾತೆಪುಸ್ತಕದಲ್ಲೇ ಉಳಿಯುತ್ತದೆ. ಹತ್ತಿ ಬಾರದಿದ್ದರೆ ಗಿರಣಿಯ ಪಾಳಿ ಕಡಿಮೆಯಾಗುತ್ತದೆ. ಹಳ್ಳಿ ಬಿಟ್ಟು ಬಂದವರು ಗೇಟಿನ ಮುಂದೆ ನಿಂತರೆ ಕೂಲಿಯ ದರ ಇಳಿಯುತ್ತದೆ. ಮಳೆ ಹೊಲದಲ್ಲಿ ತಪ್ಪಿದರೂ ಪೆಟ್ಟು ಪೇಟೆಯವರೆಗೆ ಬರುತ್ತದೆ.

ಈ ವಿಚಾರ ಹೊರಗಿನಿಂದ ಬಂದದ್ದಲ್ಲ. ಮೈಸೂರು ಸರಕಾರದ ಅಧಿಕಾರಿಯಾಗಿದ್ದ ಜೆ. ಎಸ್. ಚಕ್ರವರ್ತಿಯವರು 1920ರಷ್ಟು ಹಿಂದೆಯೇ ಕೃಷಿವಿಮೆಯನ್ನು ಕುರಿತು ಪುಸ್ತಕ ಬರೆದು, ಒಂದು ಪ್ರದೇಶದಲ್ಲಿ ಬಿದ್ದ ಮಳೆಯನ್ನು ಅಳೆದು ರೈತನಿಗೆ ಪರಿಹಾರ ಕೊಡುವ ಯೋಜನೆಯನ್ನು ಮುಂದಿಟ್ಟರು. ಆದರೆ ದೇಶವ್ಯಾಪಿ ಬೆಳೆವಿಮೆ ಬರಲು 1985 ಆಗಬೇಕಾಯಿತು. ಈಗಿರುವ ಫಸಲ್ ಬಿಮಾ ಯೋಜನೆ 2016ರ ಮುಂಗಾರಿನಲ್ಲಿ ಆರಂಭವಾಯಿತು.

ಗಿರಣಿಯವರಿಗೆ ಇ.ಎಸ್.ಐ. ಗೊತ್ತು. ನಮ್ಮ ಪಗಾರದಿಂದ ಸ್ವಲ್ಪ ಮುರಿಯುತ್ತಾರೆ, ಮಾಲೀಕ ಅದಕ್ಕಿಂತ ಹೆಚ್ಚು ಕಟ್ಟಬೇಕು. ಕಾಯಿಲೆ ಬಿದ್ದಾಗ ಸಿಗುವುದು ಭಿಕ್ಷೆಯಲ್ಲ, ಹಕ್ಕು. ಬೆಳೆವಿಮೆಯ ತತ್ವವೂ ಅದೇ. ಆಹಾರಧಾನ್ಯ, ಎಣ್ಣೆಕಾಳುಗಳಿಗೆ ಮುಂಗಾರಿನಲ್ಲಿ ವಿಮೆ ಮೊತ್ತದ ಶೇ. 2, ಹಿಂಗಾರಿನಲ್ಲಿ ಶೇ. 1.5, ವಾಣಿಜ್ಯ ಬೆಳೆಗೆ ಶೇ. 5ರವರೆಗೆ ರೈತ ಕಟ್ಟುತ್ತಾನೆ. ಮಿಕ್ಕದ್ದನ್ನು ಸರಕಾರಗಳು ತುಂಬುತ್ತವೆ. ಆ ಹಣ ನಮ್ಮೆಲ್ಲರ ತೆರಿಗೆಯದು. ಆದ್ದರಿಂದ ಲೆಕ್ಕ ಕೇಳುವ ಅಧಿಕಾರ ನಮಗೂ ಇದೆ.

ಒಂದು ಉದಾಹರಣೆ ನೋಡೋಣ. ಹೆಕ್ಟೇರಿಗೆ 50,000 ರೂಪಾಯಿ ವಿಮೆ ಎನ್ನಿ. ಮುಂಗಾರಿನಲ್ಲಿ ರೈತ ಕಟ್ಟುವುದು 1,000 ರೂಪಾಯಿ. ಹಿಂದಿನ ವರ್ಷಗಳ ಇಳುವರಿಯಿಂದ ನಿಗದಿಯಾದ ಮಟ್ಟ 10 ಕ್ವಿಂಟಾಲ್, ಈ ವರ್ಷ ಬಂದದ್ದು 6 ಎಂದಾದರೆ ಕೊರತೆ ಶೇ. 40. ಪರಿಹಾರ 20,000 ರೂಪಾಯಿ.

ಲೆಕ್ಕ ಸರಳ. ಆದರೆ ಆ 6 ಕ್ವಿಂಟಾಲ್ ಎಂಬುದು ಯಾರ ಹೊಲದ್ದು? ನಿಮ್ಮದಲ್ಲ. ಮುಖ್ಯ ಬೆಳೆಗಳಿಗೆ ಗ್ರಾಮಪಂಚಾಯಿತಿಯೇ ಒಂದು ಘಟಕ. ಆರಿಸಿದ ಕೆಲವೇ ತಾಕುಗಳಲ್ಲಿ ಬೆಳೆ ಕೊಯ್ದು ತೂಗುತ್ತಾರೆ, ಅದರ ಸರಾಸರಿಯೇ ಊರಿಗೆಲ್ಲ ಅನ್ವಯ. ಹಳ್ಳದ ಈ ದಡಕ್ಕೆ ಮಳೆ ಬಿದ್ದು ಆ ದಡಕ್ಕೆ ಬೀಳದಿದ್ದರೆ, ಒಣಗಿದ ಹೊಲದವನಿಗೂ ಸರಾಸರಿ ಅಡ್ಡ ಬರುತ್ತದೆ. ಪ್ರತಿ ಹೊಲವನ್ನೂ ಅಳೆಯುವುದು ಕಷ್ಟ, ಒಪ್ಪೋಣ. ಆದರೆ ಅಳೆಯುವ ನಾಲ್ಕು ತಾಕನ್ನಾದರೂ ಊರವರ ಕಣ್ಣೆದುರು ಅಳೆಯಲಿ. ತಕ್ಕಡಿಯನ್ನು ಗಿರಾಕಿಯ ಮುಂದೆ ಹಿಡಿಯಬೇಕೆಂಬುದು ಅಂಗಡಿಕಾರರಾದ ನಿಮಗೆ ಹೇಳಿಕೊಡಬೇಕಾದ ಪಾಠವಲ್ಲ.

ಇನ್ನೊಂದು ಅನ್ಯಾಯ ಇದಕ್ಕಿಂತ ದೊಡ್ಡದು. 1974ರ ಭೂಸುಧಾರಣೆಯ ತಿದ್ದುಪಡಿ ಗೇಣಿ ಪದ್ಧತಿಯನ್ನು ಕಿತ್ತುಹಾಕಿತು. ಅದು ಆಗಬೇಕಾದದ್ದೇ. ಆದರೂ ಬಾಯಿಮಾತಿನ ಗೇಣಿ, ಕೋರು ಇಂದಿಗೂ ನಡೆದಿವೆ. ಇವರೂ ವಿಮೆ ಮಾಡಿಸಬಹುದೆಂದು ಯೋಜನೆ ಹೇಳುತ್ತದೆ. ಆದರೆ ಕಾಗದ ಎಲ್ಲಿಂದ ತರಬೇಕು? ಪಹಣಿ ಒಬ್ಬನ ಹೆಸರಿನಲ್ಲಿ, ಬೆವರು ಇನ್ನೊಬ್ಬನದು. ಬೀಜ ಗೊಬ್ಬರಕ್ಕೆ ಸಾಲ ಮಾಡಿದವನು ಕೈಬರಿದಾಗಿ ನಿಲ್ಲುತ್ತಾನೆ.

ಹಾಗೆಂದು ವಿಮೆಯೇ ಬೇಡವೆನ್ನೋಣವೇ? ಕೂಡದು. 2020ರ ಮುಂಗಾರಿನಿಂದ ಸಾಲ ಪಡೆದ ರೈತನಿಗೂ ಇದು ಕಡ್ಡಾಯವಲ್ಲ. ನಂಬಿಕೆ ಕಳೆದುಕೊಂಡವರು ಹೊರಗುಳಿದರೆ ಮುಂದಿನ ಬರಗಾಲದಲ್ಲಿ ಅವರಿಗೆ ಸಾಹುಕಾರನ ಬಾಗಿಲೇ ಗತಿ.

ನಮ್ಮ ಬೇಡಿಕೆಗಳು ಮೂರು. ಬೆಳೆ ಕೊಯ್ಲಿನ ದಿನವನ್ನು ಮೊದಲೇ ಊರಲ್ಲಿ ಡಂಗುರ ಹೊಡೆದು ತಿಳಿಸಲಿ, ಬಂದ ತೂಕವನ್ನು ಪಂಚಾಯಿತಿ ಗೋಡೆಗೆ ಅಂಟಿಸಲಿ. ಉತ್ತು ಬಿತ್ತಿದವನು ಯಾರೆಂದು ಗ್ರಾಮಸಭೆಯೇ ಹೇಳಲಿ, ಆ ಮಾತನ್ನು ದಾಖಲೆಯಾಗಿ ಒಪ್ಪಲಿ. ಪರಿಹಾರ ಮುಂದಿನ ಬಿತ್ತನೆಗೆ ಮೊದಲು ಕೈಸೇರಲಿ. ಬಿತ್ತನೆ ಮುಗಿದ ಮೇಲೆ ಬಂದ ಹಣ ಬಡ್ಡಿಗಷ್ಟೇ ಸಾಕು.

ಅಲ್ಲಿಯವರೆಗೆ ನಾವೂ ಒಂದು ಕೆಲಸ ಮಾಡೋಣ. ಆಲಿಕಲ್ಲು ಬಿದ್ದರೆ, ಹೊಲದಲ್ಲಿ ನೀರು ನಿಂತರೆ 72 ಗಂಟೆಯೊಳಗೆ ತಿಳಿಸಬೇಕೆಂಬ ನಿಯಮವಿದೆ. ಆ ಸಂದರ್ಭದಲ್ಲಿ ಒಬ್ಬೊಬ್ಬರ ಹೊಲವನ್ನೇ ನೋಡುತ್ತಾರೆ. ಅದು ಗೊತ್ತಿಲ್ಲದೆ ಕೆಟ್ಟವರು ಬಹಳ. ಸಂತೆಗೆ ಬಂದ ರೈತನಿಗೆ ಸಾಮಾನು ಕಟ್ಟಿಕೊಡುವಾಗ ಈ ಮಾತನ್ನೂ ಹೇಳಿ ಕಳಿಸಿ. ಹಬ್ಬಕ್ಕೆ ಊರಿಗೆ ಹೋದ ಕಾರ್ಮಿಕ ಅಣ್ಣತಮ್ಮಂದಿರಿಗೆ ತಿಳಿಸಲಿ.

ಮಳೆ ನಮ್ಮ ಕೈಯಲ್ಲಿಲ್ಲ. ಅದು ತಪ್ಪಿದಾಗ ನಷ್ಟವನ್ನು ಒಬ್ಬನ ತಲೆಗೆ ಕಟ್ಟುವುದೋ, ಎಲ್ಲರೂ ಹಂಚಿಕೊಳ್ಳುವುದೋ ಎಂಬುದು ನಮ್ಮ ಕೈಯಲ್ಲಿದೆ.