ಬಚ್ಚಲಮನೆಯ ಬಿಸಿನೀರು ಮತ್ತು ಹಳೆಯ ಪಂಪು

ಮನೆಯನ್ನೇ ಬೆಚ್ಚಗಿಡುವ ಏರ್ಪಾಡು ಶೀತದೇಶಗಳ ಮಾತು. ಅಲ್ಲಿ ಬಾಯ್ಲರಿನಲ್ಲಿ ಕಾಯ್ದ ನೀರನ್ನು ಒಂದು ಪಂಪು ಕೋಣೆಕೋಣೆಗೂ ಸುತ್ತಿಸುತ್ತದೆ. ಬಂಕಾಪುರದ ಸೀಮೆಯಲ್ಲಿ ನಮಗೆ ಬೇಕಾದುದು ಇಷ್ಟೇ: ಮಾಗಿಯ ಮುಂಜಾವಿನಲ್ಲಿ ಜಳಕಕ್ಕೆ ನಾಲ್ಕು ಕೊಡ ಬಿಸಿನೀರು. ಇದನ್ನು ನಮ್ಮ ಹಿರಿಯರು ಹಂಡೆಯಿಂದಲೂ ತಾಮ್ರದ ಬಂಬದಿಂದಲೂ ಪಡೆದರು. ಬಂಬದ ನಡುಗೊಳವೆಯಲ್ಲಿ ಕಟ್ಟಿಗೆ, ಕುಳ್ಳು ಉರಿಯುತ್ತಿತ್ತು; ಸುತ್ತಲಿನ ನೀರು ಕಾಯುತ್ತಿತ್ತು. ಅದಕ್ಕೆ ಪಂಪು ಬೇಕಿರಲಿಲ್ಲ. ಆದರೆ ಹೊಗೆ ಮಾತ್ರ ಮನೆಯ ಹೆಣ್ಣುಮಕ್ಕಳ ಪಾಲಿಗೆ ತಪ್ಪುತ್ತಿರಲಿಲ್ಲ.

ಈಗ ಅನೇಕ ಮನೆಗಳ ಮೇಲೆ ಸೋಲಾರ್ ಹಲಗೆಗಳು ಕಾಣುತ್ತವೆ. 2007ರಲ್ಲಿ ಕರ್ನಾಟಕ ಸರ್ಕಾರವು ಹಲವು ಬಗೆಯ ಕಟ್ಟಡಗಳಿಗೆ ಇಂಥ ನೀರು ಕಾಯಿಸುವ ಸಾಧನವನ್ನು ಕಡ್ಡಾಯ ಮಾಡಿತು. ಸಾಮಾನ್ಯವಾಗಿ ಇದಕ್ಕೂ ಪಂಪು ಬೇಡ. ಕಾಯ್ದ ನೀರು ಹಗುರಾಗಿ ಮೇಲಿನ ಟಾಕಿಗೆ ಏರುತ್ತದೆ, ತಣ್ಣೀರು ಭಾರವಾಗಿ ಹಲಗೆಗೆ ಇಳಿಯುತ್ತದೆ. ಬಿಸಿಲಿರುವಷ್ಟು ಹೊತ್ತು ಈ ಸುತ್ತು ತಾನಾಗಿಯೇ ನಡೆಯುತ್ತದೆ.

ಆದರೆ ಹಳೆಯ ಮಣ್ಣಿನ ಮಾಳಿಗೆಯ ಅಥವಾ ಹೆಂಚಿನ ಮನೆಯ ಸಂಗತಿ ಬೇರೆ. 200 ಲೀಟರ್ ನೀರೆಂದರೆ 200 ಕಿಲೋ ಭಾರ. ಟಾಕಿಯ ತೂಕ ಅದರ ಮೇಲೆ. ಹಳೆಯ ತೊಲೆಗಳು ಅದನ್ನು ತಾಳಲಾರವೆಂದು ಹಲಗೆಗಳನ್ನಷ್ಟೇ ಮೇಲಿರಿಸಿ, ಬಿಸಿನೀರಿನ ಟಾಕಿಯನ್ನು ಕೆಳಗಿಟ್ಟರೆ, ನೀರು ತಾನಾಗಿ ಸುತ್ತುವುದಿಲ್ಲ. ಆಗ ಪಂಪು ಅನಿವಾರ್ಯ. ವರ್ಷಗಳು ಕಳೆದಂತೆ ಆ ಪಂಪು ಸವೆಯುವುದೂ ಅನಿವಾರ್ಯವೇ.

ನೀರು ಕಾಯದಿದ್ದೊಡನೆ ಪಂಪು ಕೆಟ್ಟಿತೆಂದು ತೀರ್ಮಾನಿಸುವುದು ಉಚಿತವಲ್ಲ. ಸಂಜೆ ಚೆನ್ನಾಗಿ ಕಾಯ್ದಿದ್ದ ನೀರು ಬೆಳಗಾಗುವಷ್ಟರಲ್ಲಿ ಉಗುರುಬೆಚ್ಚಗಾದರೆ, ತಪ್ಪು ಪಂಪಿನದಲ್ಲ. ರಾತ್ರಿ ಟಾಕಿಯ ಬಿಸಿನೀರು ಮೇಲಿನ ಹಲಗೆಗೆ ಏರಿ, ಅಲ್ಲಿ ತಣಿದು ಹಿಂದಿರುಗುತ್ತಿರಬಹುದು. ಇದನ್ನು ತಡೆಯುವ ಒಮ್ಮುಖ ವಾಲ್ವನ್ನು ಮೊದಲು ನೋಡಬೇಕು. ಪಂಪು ಗುಂಯ್‌ಗುಡುತ್ತಿದ್ದು ತಿರುಗದಿದ್ದರೆ ಅದರ ಕಂಡೆನ್ಸರ್ ಹೋಗಿರಬಹುದು. ಇಲ್ಲವೇ ಗಡಸು ನೀರಿನ ಸುಣ್ಣ ಕಟ್ಟಿ ತಿರುಗಣೆ ಹಿಡಿದುಕೊಂಡಿರಬಹುದು. ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡರೂ ನೀರು ಸುತ್ತದು. ಇವೆಲ್ಲ ಅಲ್ಪ ವೆಚ್ಚದಲ್ಲಿ ಸರಿಹೋಗುವ ದೋಷಗಳು.

ಪಂಪನ್ನೇ ಬದಲಿಸಬೇಕಾಯಿತೆನ್ನಿ. ಹುಬ್ಬಳ್ಳಿಗೋ ಹಾವೇರಿಗೋ ಹೋಗುವ ಮುನ್ನ ಹಳೆಯ ಪಂಪಿನ ಫಲಕದ ಮೇಲಿನ ವ್ಯಾಟ್, ಎತ್ತರ, ಕೊಳವೆಯ ಅಳತೆಗಳನ್ನು ಚೀಟಿಯಲ್ಲಿ ಬರೆದುಕೊಳ್ಳಬೇಕು. “ಸ್ವಲ್ಪ ದೊಡ್ಡದನ್ನೇ ಒಯ್ಯಿರಿ” ಎಂಬ ಸಲಹೆಗೆ ಒಪ್ಪಬಾರದು. ಬಾವಿಯ ಗಾಲಿಯ ಎರಡು ಬದಿಗೂ ಕೊಡ ಕಟ್ಟಿದರೆ ಒಂದು ಇಳಿಯುತ್ತ ಇನ್ನೊಂದನ್ನು ಎತ್ತುವುದಷ್ಟೆ? ತುಂಬಿದ ಮುಚ್ಚಿದ ಸುತ್ತಿನಲ್ಲಿಯೂ ಹಾಗೆಯೇ. ಇಳಿಯುವ ನೀರು ಏರುವ ನೀರಿನ ಭಾರವನ್ನು ತೂಗುತ್ತದೆ. ಪಂಪು ಗೆಲ್ಲಬೇಕಾದುದು ಕೊಳವೆಯ ಘರ್ಷಣೆಯನ್ನು ಮಾತ್ರ.

ಲೆಕ್ಕ ನೋಡೋಣ. 200 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 8 ಯೂನಿಟ್ ಶಾಖ ಬೇಕು. ಅದನ್ನು ಸೂರ್ಯನು ಪುಕ್ಕಟೆ ಕೊಡುತ್ತಾನೆ. 60 ವ್ಯಾಟಿನ ಪಂಪು ದಿನಕ್ಕೆ 5 ತಾಸು ನಡೆದರೆ ಖರ್ಚು 0.3 ಯೂನಿಟ್. 500 ವ್ಯಾಟ್ ಎಳೆಯುವ, ನೀರೆತ್ತುವ ಪಂಪನ್ನು ಕೂಡ್ರಿಸಿದರೆ 2.5 ಯೂನಿಟ್. ಸೂರ್ಯನು ಕೊಟ್ಟುದರಲ್ಲಿ ಮೂರನೆಯ ಒಂದು ಪಾಲಿನಷ್ಟನ್ನು ಹೀಗೆ ಕರೆಂಟಿನ ಬಿಲ್ಲಿಗೆ ಮರಳಿ ತೆತ್ತಂತಾಯಿತು! ಅಲ್ಲದೆ ತಣ್ಣೀರಿಗಾಗಿ ಮಾಡಿದ ಪಂಪಿನ ಸೀಲು ಬಿಸಿನೀರಿಗೆ ಬಹುಕಾಲ ತಡೆಯಲಾರದು. ಬಿಸಿನೀರಿಗೆಂದೇ ಮಾಡಿದುದನ್ನು ಕೇಳಿ ಪಡೆಯಬೇಕು.

ಇನ್ನು ಜೋಡಿಸುವ ಕೆಲಸ. ಇದನ್ನು ಬಲ್ಲ ಮಿಸ್ತ್ರಿಯಿಂದಲೇ ಮಾಡಿಸುವುದು ಲೇಸು. ಆದರೆ ಮನೆಯವರು ಬಳಿ ನಿಂತು ಕೆಲವು ಸಂಗತಿಗಳನ್ನು ಗಮನಿಸಬೇಕು. ನಡುಹಗಲಿನಲ್ಲಿ ಕೊಳವೆ ಬಿಚ್ಚಿಸಕೂಡದು. ಹಲಗೆಯಲ್ಲಿ ನಿಂತ ನೀರು ಕುದಿದು ಹಬೆಯಾಗಿದ್ದೀತು. ಹಲಗೆಗೆ ಬಟ್ಟೆ ಹೊದಿಸಿ, ನೀರು ತಣಿದ ಮೇಲೆ ಬೆಳಕಿರುವಾಗಲೇ ಕೆಲಸ ಹಿಡಿಯಬೇಕು. ಸ್ವಿಚ್ಚು ಆರಿಸಿದರೆ ಸಾಲದು, ಮೇನನ್ನೇ ತೆಗೆಯಬೇಕು. ಪಂಪಿನ ಎರಡೂ ಬದಿಯ ವಾಲ್ವುಗಳನ್ನು ಮುಚ್ಚಿ, ಬಾಣದ ಗುರುತು ನೀರು ಹರಿಯುವ ಕಡೆಗೆ ಇರುವಂತೆ, ಟಾಕಿಯ ತಳದಿಂದ ಹಲಗೆಗೆ ಹೋಗುವ ತಣ್ಣನೆಯ ಕೊಳವೆಯಲ್ಲಿ ಹೊಸ ವಾಷರುಗಳೊಡನೆ ಕೂಡ್ರಿಸಬೇಕು. ವಾಲ್ವು ತೆರೆದು, ನೀರು ತುಂಬಿ, ಗಾಳಿಯನ್ನು ಹೊರಬಿಟ್ಟ ಬಳಿಕವೇ ಪಂಪು ಹಾಕಬೇಕು. ಒಣ ಪಂಪು ನಡೆದರೆ ಬೇಗನೆ ಕೆಡುತ್ತದೆ.

ಕೊನೆಯದಾಗಿ ಎರಡು ಮಾತು. ಟಾಕಿಯ ಮೇಲಿನ ಗಾಳಿಕೊಳವೆಯನ್ನು, ಅಥವಾ ಅದರ ಬದಲಿಗಿರುವ ಸುರಕ್ಷತಾ ವಾಲ್ವನ್ನು, ನೀರು ತೊಟ್ಟಿಕ್ಕುತ್ತದೆಂದು ಯಾರೂ ಮುಚ್ಚಬಾರದು. ಹಬೆಗೆ ಹೊರದಾರಿ ಅದೊಂದೇ. ಅದನ್ನು ಕಟ್ಟಿದರೆ ಟಾಕಿಯೇ ಒಡೆದೀತು. ಎರಡನೆಯದು, ಪಂಪಿಗೆ ಭೂಸಂಪರ್ಕದ ತಂತಿಯೂ, ಸೋರುವ ವಿದ್ಯುತ್ತನ್ನು ಕಂಡೊಡನೆ ಪ್ರವಾಹವನ್ನು ಕಡಿಯುವ ಸ್ವಿಚ್ಚೂ ಇರಲೇಬೇಕು. ಒದ್ದೆ ನೆಲ, ಲೋಹದ ನಳ, ಬರಿಗಾಲಿನ ಮಗು, ಈ ಮೂರೂ ಒಟ್ಟಿಗೆ ಸೇರುವ ಸ್ಥಳ ಬಚ್ಚಲಮನೆ. ಅಲ್ಲಿ ನಾಲ್ಕು ರೂಪಾಯಿ ಉಳಿಸುವ ಯೋಚನೆ ಸಲ್ಲದು.