ದಮ್ಮು ಒಂದೇ, ಔಷಧ ಒಬ್ಬೊಬ್ಬರಿಗೆ ಬೇರೆ
(ಬೆಳ್ಳಿ ಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರು ಮಾಡಿದ ಭಾಷಣ)



ಸಂಘದ ಸಭೆ ಅಂದರೆ ಸಾಲ, ಬೀಜ, ಗೊಬ್ಬರದ ಮಾತು. ಇಲ್ಲಿ ದಮ್ಮಿನ ಮಾತು ಯಾಕೆ ಅಂತ ನೀವು ಕೇಳಬಹುದು. ತೊಗರಿ ರಾಶಿ ಟೈಮಿಗೆ ಮನೆಯಲ್ಲಿ ದುಡಿಯುವವರೇ ಉಸಿರಿಗೆ ತಿಣುಕುತ್ತಾ ಹೊರಸಿನ ಮೇಲೆ ಕುಂತರೆ ಸಾಲದ ಕಂತು ಎಲ್ಲಿಂದ ಬರಬೇಕು? ಆದ್ದರಿಂದ ಇದೂ ಸಂಘದ ಮಾತೇ.

ನಾವು ಡಾಕ್ಟರಲ್ಲ, ಒಕ್ಕಲುತನದವರು. ನಮ್ಮ ಸೀಮೆಯಲ್ಲಿ ಎರಿ ಹೊಲವೂ ಅದ, ಕೆಂಪು ಮಣ್ಣಿನ ಹೊಲವೂ ಅದ. ಎರಡಕ್ಕೂ ಒಂದೇ ಲೆಕ್ಕದ ಗೊಬ್ಬರ ನಡೆಯೋದಿಲ್ಲ, ಮಣ್ಣು ಪರೀಕ್ಷೆ ಮಾಡಿಸಿ ಹಾಕಬೇಕು. ದಮ್ಮೂ ಹಾಗೆಯೇ. ಹೆಸರು ಒಂದೇ, ಕೆರಳಿಸುವ ಕಾರಣ ಬೇರೆ ಬೇರೆ. ಒಬ್ಬರಿಗೆ ರಾಶಿಯ ಧೂಳು, ಇನ್ನೊಬ್ಬರಿಗೆ ಕಟ್ಟಿಗೆ ಒಲೆಯ ಹೊಗೆ, ಮತ್ತೊಬ್ಬರಿಗೆ ಬೂಷ್ಟು ಹಿಡಿದ ಮೇವು. ಕೆಲವರಿಗೆ ಮೈಕೈ ನೋವಿನ ಗುಳಿಗೆ ನುಂಗಿದರೂ ಉಸಿರು ಕಟ್ಟುತ್ತದೆ. ಬೀಡಿ ಮಾತ್ರ ಎಲ್ಲರಿಗೂ ಕೆಟ್ಟದ್ದು.

ಮಿರಗ ಹೊಕ್ಕಾಗ ಹೈದರಾಬಾದಿನ ನಾಂಪಲ್ಲಿ ಎಕ್ಸಿಬಿಷನ್ ಮೈದಾನದಲ್ಲಿ ಬತ್ತಿನಿ ಮನೆತನದವರು ಮೀನಿನ ಬಾಯಲ್ಲಿ ಮದ್ದಿಟ್ಟು ಪುಕ್ಕಟೆ ನುಂಗಿಸುತ್ತಾರೆ. ಕೊರೋನಾದಲ್ಲಿ ನಿಂತಿದ್ದು 2023ರಲ್ಲಿ ಮತ್ತೆ ಶುರುವಾಯಿತು. ಅವರ ಸೇವೆಯನ್ನು ನಾವು ಹೀಗಳೆಯುವುದಿಲ್ಲ. ಆದರೆ ಅದರಿಂದ ದಮ್ಮು ಹೋಗುತ್ತದೆಂದು ವೈದ್ಯಕೀಯ ಪರೀಕ್ಷೆಯಲ್ಲಿ ಸಿದ್ಧವಾಗಿಲ್ಲ. ಲಕ್ಷ ಮಂದಿಗೆ ಒಂದೇ ದಿನ ಒಂದೇ ಮದ್ದು ಹೇಗೆ ಹೊಂದೀತು? ಹೋಗುವವರು ಹೋಗಿ, ದಿನದ ಔಷಧ ಮಾತ್ರ ಬಿಡಬ್ಯಾಡ್ರಿ.

ಡಾಕ್ಟರು ಮೊದಲು ನಮ್ಮ ಕಥೆ ಕೇಳುತ್ತಾರೆ, ಮಷೀನಿನಲ್ಲಿ ಊದಿಸಿ ನೋಡುತ್ತಾರೆ. ಕೆಲವರಿಗೆ ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಕಣದ ಲೆಕ್ಕ ತೆಗೆಯುತ್ತಾರೆ. ಬಹಳ ತೀವ್ರ ದಮ್ಮಿದ್ದವರಿಗೆ ಆ ಲೆಕ್ಕದ ಮೇಲೆ ಆರಿಸಿ ಕೊಡುವ ಇಂಜೆಕ್ಷನ್ನೂ ಈಗ ಬಂದಾವ, ಆದರೆ ದುಬಾರಿ. ಹೆಚ್ಚಿನವರಿಗೆ ಪಂಪೇ ಸಾಕು. ಪಂಪಿನಲ್ಲಿ ಎರಡು ಬಗೆ. ಒಂದು ಕಟ್ಟಿದ ಉಸಿರು ತಕ್ಷಣ ಬಿಡಿಸುತ್ತದೆ, ಇನ್ನೊಂದು ಶ್ವಾಸನಾಳದ ಬಾವು ಇಳಿಸುತ್ತದೆ. ಬಿಡಿಸುವ ಪಂಪೊಂದನ್ನೇ ನಂಬಿ ಕೂಡಬಾರದೆಂದು ಜಿನಾ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2019ರಿಂದ ಹೇಳುತ್ತಿದೆ. ಬಾವು ಒಳಗೇ ಉಳಿದರೆ ಒಂದು ರಾತ್ರಿ ಅದೇ ಜೀವಕ್ಕೆ ಮುಳುವಾದೀತು.

“ಪಂಪು ಚಟ ಹತ್ತಿಸ್ತದ” ಅನ್ನುವುದು ಸುಳ್ಳು. ಗಂಡಿನ ಮನೆಯವರಿಗೆ ಗೊತ್ತಾದೀತೆಂದು ಮಗಳ ಪಂಪು ಬಚ್ಚಿಡುವ ತಾಯಂದಿರೇ, ಕೈಮುಗಿದು ಹೇಳುತ್ತೇವೆ, ಮರ್ಯಾದೆಗಿಂತ ಮಗಳ ಉಸಿರು ದೊಡ್ಡದು.

ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟು. ಯಾವ ದಿನ, ಏನು ಮಾಡಿದಾಗ ಉಸಿರು ಕಟ್ಟಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದು ಡಾಕ್ಟರಿಗೆ ತೋರಿಸಿರಿ. ಪಕ್ಕದ ಮನೆಯವರ ಔಷಧ ಇಸಕೊಂಡು ತಗೋಬ್ಯಾಡ್ರಿ. ಪಂಪು ಎಳೆಯುವ ರೀತಿ ಡಾಕ್ಟರ ಎದುರೇ ಮಾಡಿ ತೋರಿಸಿರಿ. ಬಾವು ಇಳಿಸುವ ಪಂಪು ಎಳೆದ ಮೇಲೆ ಬಾಯಿ ಮುಕ್ಕಳಿಸಿರಿ. ಧೂಳು ಆಗದವರು ರಾಶಿ ಮಷೀನಿನ ಹತ್ತಿರ ನಿಲ್ಲಬ್ಯಾಡ್ರಿ, ಆ ಕೆಲಸ ಮನೆಯವರು ಹಂಚಿಕೊಳ್ಳಲಿ. ಒಂದು ಮಾತು ಪೂರ್ತಿ ಆಡಲಾರದಷ್ಟು ದಮ್ಮು ಹತ್ತಿದರೆ, ತುಟಿ ನೀಲಿಯಾದರೆ, ಪಂಪಿಗೂ ಇಳಿಯದಿದ್ದರೆ ಬೆಳಗಿನ ತನಕ ಕಾಯದೆ 108ಕ್ಕೆ ಫೋನ್ ಮಾಡಿರಿ.

ಇಪ್ಪತ್ತೈದು ವರ್ಷ ಸಂಘ ಪ್ರತಿ ಸದಸ್ಯರ ಖಾತೆ ಬೇರೆ ಬೇರೆ ಬರೆದು ಲೆಕ್ಕ ಇಟ್ಟಿದೆ. ಉಸಿರಿನ ಖಾತೆಯನ್ನೂ ಹಾಗೆಯೇ ಅವರವರು ಇಡಲಿ ಎಂದು ಕೋರಿ ನಮ್ಮ ಮಾತು ಮುಗಿಸುತ್ತೇವೆ.

ಜೈ ಹಿಂದ್, ಜೈ ಕರ್ನಾಟಕ.