‘ಕೂಡಲೇ’ ಅಂದರೆ ಎಷ್ಟು ಹೊತ್ತು?



ಹತ್ತನೇ ತರಗತಿಯಲ್ಲಿ ಒಂದು ದಿನ ವಿಜ್ಞಾನದ ಮೇಷ್ಟ್ರು ಪಠ್ಯ ಬದಿಗಿಟ್ಟು, ಲೋಹದ ಮೇಲೆ ತಕ್ಕ ಬೆಳಕು ಬಿದ್ದರೆ ಎಲೆಕ್ಟ್ರಾನು ಕೂಡಲೇ ಹೊರಬರುತ್ತದೆ, 1905ರಲ್ಲಿ ಐನ್‌ಸ್ಟೈನ್ ಇದನ್ನು ವಿವರಿಸಿದರು ಎಂದರು. ‘ಕೂಡಲೇ ಅಂದರೆ ಎಷ್ಟು ಹೊತ್ತು ಸಾರ್?’ ಅಂದೆ. ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. ‘ನನಗೆ ಗೊತ್ತಿಲ್ಲ. ನಿನಗೆ ಗೊತ್ತಾದಾಗ ಬಂದು ಹೇಳು’ ಎಂದರು.

ಭೌತಶಾಸ್ತ್ರ ಓದುವ ಆಸೆ ಮನೆಯ ಸಾಲದ ಮುಂದೆ ನಿಲ್ಲಲಿಲ್ಲ. ಬಿ.ಇ. ಮಾಡಿ ಸಾಫ್ಟ್‌ವೇರ್ ಸೇರಿದೆ. 2023ರಲ್ಲಿ ಅಗೊಸ್ಟಿನಿ, ಕ್ರೌಸ್, ಲ್ಯುಯಿಲಿಯೆ ಅವರಿಗೆ ನೊಬೆಲ್ ಬಂದ ಸುದ್ದಿ ಓದುವಾಗ ಆ ಪ್ರಶ್ನೆ ಎದ್ದು ಕೂತಿತು. ನೋಡಿದರೆ, ಉತ್ತರದ ಮೊದಲ ತುಣುಕು ನಾನು ಎಸ್ಸೆಸ್ಸೆಲ್ಸಿ ಮುಗಿಸಿದ ಮರುವರ್ಷ, 2007ರಲ್ಲೇ ಬಂದಿತ್ತು! ಸಾರ್ ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಬಾಕಿ ತೀರಿಸಿಬಿಡುತ್ತೇನೆ.

ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿ, ಅದರಲ್ಲೊಂದನ್ನು ಮತ್ತೆ ನೂರು ಕೋಟಿ ಪಾಲು ಮಾಡಿದರೆ ಸಿಗುವುದು ಒಂದು ಅಟೊಸೆಕೆಂಡು. ಲೇಸರನ್ನು ಅನಿಲದೊಳಗೆ ಹಾಯಿಸಿದಾಗ ನೇರಳಾತೀತಕ್ಕೂ ಆಚೆಯ, ಕಣ್ಣಿಗೆ ಕಾಣದ ಬೆಳಕು ಕೆಲವು ನೂರು ಅಟೊಸೆಕೆಂಡಿನ ಮಿಂಚಾಗಿ ಹೊಮ್ಮುತ್ತದೆ. ಗಾಳಿಯೇ ಅದನ್ನು ನುಂಗಿಬಿಡುವುದರಿಂದ ಎಲ್ಲವೂ ನಿರ್ವಾತದಲ್ಲೇ ನಡೆಯಬೇಕು.

ಜರ್ಮನಿಯ ಗಾರ್ಶಿಂಗ್‌ನಲ್ಲಿ ಕ್ರೌಸ್ ಮತ್ತು ಸಂಗಡಿಗರು ಈ ಮಿಂಚನ್ನು ಟಂಗ್‌ಸ್ಟನ್ ಮೇಲೆ ಹಾಯಿಸಿದರು. ಹಳೇ ಬಲ್ಬಿನ ತಂತಿಯ ಲೋಹ ಅದು. ಹೊರಬಿದ್ದ ಎಲೆಕ್ಟ್ರಾನುಗಳನ್ನು ಜೊತೆಗೇ ಬಿಟ್ಟ ಲೇಸರಿನ ಅಲೆ ತಳ್ಳುತ್ತದೆ, ಇಲ್ಲವೇ ಹಿಂದಕ್ಕೆಳೆಯುತ್ತದೆ. ಉಯ್ಯಾಲೆ ಯಾವ ಗಳಿಗೆಯಲ್ಲಿದ್ದಾಗ ಹಾರಿದಿರಿ ಎಂಬುದರ ಮೇಲೆ ಎಲ್ಲಿ ಬೀಳುತ್ತೀರೋ ಹಾಗೆ, ಎಲೆಕ್ಟ್ರಾನಿನ ವೇಗ ನೋಡಿ ಅದು ಹೊರಬಂದ ಗಳಿಗೆ ಹೇಳಬಹುದು. ಲೋಹದಲ್ಲೆಲ್ಲ ಓಡಾಡಿಕೊಂಡಿರುವ ಎಲೆಕ್ಟ್ರಾನುಗಳು ಮೊದಲು ಬಂದವು. ಪರಮಾಣುವಿಗೆ ಬಿಗಿಯಾಗಿ ಅಂಟಿಕೊಂಡವು ಸುಮಾರು 110 ಅಟೊಸೆಕೆಂಡು ತಡ. ಅಷ್ಟರಲ್ಲಿ ಬೆಳಕು ಸಾಗುವ ದೂರ ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲೂ ಇಲ್ಲ. ಹೊರಬರುವ ಈ ಎಲೆಕ್ಟ್ರಾನುಗಳು ಮೇಲಿನ ಕೆಲವೇ ಪರಮಾಣು ಪದರಗಳವು, ಹಾಗಾಗಿ ಮೇಲ್ಮೈ ಶುದ್ಧವಾಗಿರಲೇಬೇಕು.

ಆದರೆ ಇದು ಇಬ್ಬರು ಓಟಗಾರರ ನಡುವಿನ ಅಂತರ ಮಾತ್ರ. ಓಟ ಶುರುವಾದದ್ದು ಯಾವಾಗ? ಅದಕ್ಕೆ ಟಂಗ್‌ಸ್ಟನ್ ಮೇಲೆ ಅಯೋಡಿನ್ ಪರಮಾಣುಗಳನ್ನು ಕೂರಿಸಿ, ಅವನ್ನೇ ಗಡಿಯಾರ ಮಾಡಿಕೊಂಡರು. 2018ರಲ್ಲಿ ಲೆಕ್ಕ ಸಿಕ್ಕಿತು.

ಸಾರ್, ಟಂಗ್‌ಸ್ಟನ್‌ನಲ್ಲಿ ಓಡಾಡುವ ಎಲೆಕ್ಟ್ರಾನಿಗೆ ‘ಕೂಡಲೇ’ ಅಂದರೆ ಸುಮಾರು 40 ಅಟೊಸೆಕೆಂಡು.